ಚೇಂದಮಂಗಲದ ಯಹೂದಿಗಳು ಊರು ಬಿಟ್ಟಿದ್ದು ಯಾಕೆ?

ಪ್ರಶ್ನೆ: ರಜೆಯಲ್ಲಿ ಕೊಚ್ಚಿಗೆ ಹೋದವರು ಹತ್ತಿರದ ಚೇಂದಮಂಗಲದ ಹಳೆಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡಿ ಬಂದೆವು. ಕಟ್ಟಡ ಚೆನ್ನಾಗಿದೆ, ಪ್ರಾರ್ಥನೆ ಮಾಡುವವರು ಮಾತ್ರ ಒಬ್ಬರೂ ಇಲ್ಲ. ಇಲ್ಲಿ ಎಲ್ಲ ಧರ್ಮದವರೂ ಹೊಂದಿಕೊಂಡು ಇದ್ದರು ಎಂದು ಅಲ್ಲಿಯವರು ಹೇಳಿದರು. ಹಾಗಿದ್ದ ಮೇಲೆ ಎಲ್ಲರೂ ಊರು ಬಿಟ್ಟಿದ್ದು ಯಾಕೆ? ಯಾರಾದರೂ ಓಡಿಸಿದರಾ? ಅಂಗಳದಲ್ಲಿ ನಿಲ್ಲಿಸಿರುವ ಬರಹದ ಕಲ್ಲು ಯಾವುದು?
– ಓದುಗರು, ಸಾಗರ

ಉತ್ತರ: ಯಾರೂ ಓಡಿಸಲಿಲ್ಲ. ಬ್ಯಾಂಕ್ ಕೆಲಸದಲ್ಲಿ ನಾನು ಎರ್ನಾಕುಲಂನಲ್ಲಿದ್ದಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಆಗ ಆ ಸಿನಗಾಗ್‌ಗೆ ಬೀಗ, ಸುತ್ತ ಗಿಡಗಂಟಿ. ದುರಸ್ತಿಯಾಗಿ ಮ್ಯೂಸಿಯಂ ಆಗಿದ್ದು 2006ರಲ್ಲಿ.

ಮೊದಲು ಕಲ್ಲಿನ ವಿಷಯ ಹೇಳಿಬಿಡುತ್ತೇನೆ. ಅದು ಇಸ್ರೇಲ್ ಎಂಬವರ ಮಗಳು ಸಾರಾ ಎಂಬ ಹೆಣ್ಣುಮಗಳ ಸಮಾಧಿ ಕಲ್ಲು. ಬರಹ ಹೀಬ್ರೂ, ಕಾಲ 1269. ಭಾರತದಲ್ಲಿ ಸಿಕ್ಕಿರುವ ಹೀಬ್ರೂ ಬರಹಗಳಲ್ಲಿ ಇದೇ ಅತಿ ಹಳೆಯದು ಎನ್ನುತ್ತಾರೆ. ಎಷ್ಟೋ ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಏನೆಂದು ಕೇಳದೆ ವಾಪಸ್ ಬರುತ್ತಾರೆ. ನೀವು ಕೇಳಿದ್ದು ಒಳ್ಳೆಯದಾಯಿತು.

ಇನ್ನು ಊರು ಬಿಟ್ಟ ಕಥೆ. ಕೇರಳದ ಯಹೂದಿಗಳು ಒಂದೇ ಕಡೆ ಇದ್ದವರಲ್ಲ. ಮಟ್ಟಂಚೇರಿ, ಎರ್ನಾಕುಲಂ, ಪರವೂರು, ಚೇಂದಮಂಗಲ, ಮಾಳ, ಹೀಗೆ ಐದು ಊರುಗಳಲ್ಲಿ ಎಂಟು ಸಿನಗಾಗ್‌ಗಳಿದ್ದವು. 1950ರ ಹೊತ್ತಿಗೆ ಎಲ್ಲ ಸೇರಿ ಸುಮಾರು ಎರಡೂವರೆ ಸಾವಿರ ಜನ. ಒಂದೊಂದು ಊರಿನಲ್ಲಿ ಎಷ್ಟು ಮನೆ ಇದ್ದಿರಬಹುದು, ಲೆಕ್ಕ ಹಾಕಿ ನೋಡಿ.

ಈಗ ಅವರ ಒಂದು ನಿಯಮ ಕೇಳಿ. ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ತುಂಬಿದ ಹತ್ತು ಗಂಡಸರು ಬೇಕೇ ಬೇಕು. ಇದಕ್ಕೆ ಮಿನ್ಯಾನ್ ಎನ್ನುತ್ತಾರೆ. ಒಂಬತ್ತು ಜನ ಬಂದರೆ ಅವರ ಧರ್ಮಗ್ರಂಥ ತೋರಾದ ಸುರುಳಿಯನ್ನು ಹೊರಗೆ ತೆಗೆದು ಓದುವಂತಿಲ್ಲ. ತೀರಿಕೊಂಡ ಅಪ್ಪ ಅಮ್ಮನ ಹೆಸರಿನಲ್ಲಿ ಹೇಳುವ ಕದ್ದಿಶ್ ಪ್ರಾರ್ಥನೆಯನ್ನೂ ಹೇಳುವಂತಿಲ್ಲ. ದೊಡ್ಡ ಪಟ್ಟಣದಲ್ಲಿ ಇಪ್ಪತ್ತು ಮನೆಯವರು ವಲಸೆ ಹೋದರೂ ಸಿನಗಾಗ್ ನಡೆಯುತ್ತದೆ. ಚೇಂದಮಂಗಲದಂಥ ಊರಿನಲ್ಲಿ ಅರ್ಧ ಜನ ಹೊರಟರೆ ಉಳಿದವರಿಗೆ ಪ್ರಾರ್ಥನೆಯೇ ಇಲ್ಲ. ಮಕ್ಕಳಿಗೆ ಹೆಣ್ಣು ಗಂಡು ನೋಡುವುದೂ ಕಷ್ಟ. ಹಾಗಾಗಿ ಹೋಗುವುದಾದರೆ ಎಲ್ಲರೂ ಹೋಗಬೇಕು, ಇಲ್ಲವೇ ಯಾರೂ ಹೋಗಬಾರದು. ಊರಿಗೆ ಊರೇ ಎದ್ದು ಹೋಗಲು ದೊಡ್ಡ ಕಾರಣ ಇದೇ ಎಂದು ನನ್ನ ಅಭಿಪ್ರಾಯ.

ಹೊರಡುವ ಆಸೆ ಹುಟ್ಟಿಸಿದ್ದು ಮಾತ್ರ ಭಕ್ತಿ. ದಿನಾ ಜೆರುಸಲೇಮಿನ ಕಡೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದವರಿಗೆ 1948ರಲ್ಲಿ ಇಸ್ರೇಲ್ ದೇಶವೇ ಆಯಿತು ಎಂದರೆ ಸುಮ್ನೆ ಕೂರಲು ಆಗುತ್ತದಾ? ಜೊತೆಗೆ ಹಳ್ಳಿಗಳಲ್ಲಿದ್ದ ಹೆಚ್ಚಿನವರದು ಸಣ್ಣಪುಟ್ಟ ವ್ಯಾಪಾರ. ಬಿಟ್ಟು ಹೋಗಲು ದೊಡ್ಡ ಆಸ್ತಿಯೇನೂ ಇರಲಿಲ್ಲ.

ಆದರೆ ಬೇಕೆಂದ ತಕ್ಷಣ ಹೋಗಲು ಆಗಲಿಲ್ಲ. ಕೊಚ್ಚಿಯ ಕಡೆ ಆನೆಕಾಲು ರೋಗ ಜಾಸ್ತಿ. ಇವರು ಬಂದರೆ ಅದು ತಮ್ಮಲ್ಲೂ ಹರಡೀತು ಎಂದು ಇಸ್ರೇಲಿನ ಆರೋಗ್ಯ ಅಧಿಕಾರಿಗಳು ಹೆದರಿದರು. ಹಾಗಾಗಿ ವಲಸೆ ಕೆಲವು ವರ್ಷ ತಡವಾಯಿತು. ಹೆಚ್ಚಿನವರು ಹೋಗಿದ್ದು 1953ರಿಂದ 1955ರೊಳಗೆ. ಮಾಳದವರು 1955ರಲ್ಲಿ ಹೊರಡುವಾಗ ಸಿನಗಾಗನ್ನು ಊರಿನ ಪಂಚಾಯಿತಿಗೇ ಒಪ್ಪಿಸಿ ಹೋದರು. ನೆರೆಯವರ ಮೇಲೆ ದ್ವೇಷವಿದ್ದವರು ಹಾಗೆ ಮಾಡುತ್ತಾರಾ?

ಇಸ್ರೇಲಿನಲ್ಲಿ ಅವರಿಗೆ ಸಿಕ್ಕಿದ್ದು ನೆವಾತಿಮ್, ಮೆಸಿಲ್ಲತ್ ಸಿಯೋನ್, ತಾಓಜ್‌ನಂಥ ಹೊಸ ಕೃಷಿ ಹಳ್ಳಿಗಳು. ನೆವಾತಿಮ್ ಇರುವುದು ನೆಗೆವ್ ಮರುಭೂಮಿಯಲ್ಲಿ. ಹೊಳೆ, ಹಿನ್ನೀರು, ತೆಂಗು ನೋಡಿಕೊಂಡು ಬೆಳೆದವರಿಗೆ ಅಲ್ಲಿ ಹೇಗಾಗಿರಬೇಡ! ಆದರೂ ನಿಂತರು. ಚೇಂದಮಂಗಲದಲ್ಲೇ ಹುಟ್ಟಿದ ಎಲಿಯಾಹು ಬೆಜಲೆಲ್ ಇಸ್ರೇಲಿಗೆ ಹೋಗಿ ಮೊದಲು ಕುರಿ ಕಾದರು. ಆಮೇಲೆ ಗುಲಾಬಿ ಬೆಳೆದು ಯೂರೋಪಿಗೆ ಕಳಿಸಿ ಹೆಸರು ಮಾಡಿದರು. ಭಾರತ ಸರ್ಕಾರ ಅವರಿಗೆ ಪ್ರವಾಸಿ ಭಾರತೀಯ ಸಮ್ಮಾನ ಕೊಟ್ಟಿತು.

ಪ್ರಶ್ನೆ: ಅವರ ದಿನನಿತ್ಯದ ಬದುಕು ಹೇಗಿತ್ತು? ಹಬ್ಬ, ಮದುವೆ ಎಲ್ಲ ಕೇರಳದವರಂತೆಯೇ ಇತ್ತಾ?
– ಓದುಗರು, ಕುಂದಾಪುರ

ಉತ್ತರ: ಈ ಪ್ರಶ್ನೆಗೆ ಇಡೀ ಸಂಚಿಕೆ ಬೇಕು! ಸಂಪಾದಕರು ಅಷ್ಟು ಜಾಗ ಕೊಡುವುದಿಲ್ಲ. ಮಾತು ಮಲಯಾಳಂ, ಪ್ರಾರ್ಥನೆ ಹೀಬ್ರೂ. ಸಿನಗಾಗ್ ಒಳಗೆ ಹೋಗುವಾಗ ಚಪ್ಪಲಿ ಹೊರಗೆ. ಮದುವೆಯಲ್ಲಿ ಹೆಣ್ಣಿಗೆ ತಾಳಿ. ಪೆಸಹ ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ, ಬಾವಿ ಚೊಕ್ಕ ಮಾಡುವುದು, ಪಾತ್ರೆಗಳಿಗೆ ಕಲಾಯಿ. ಆ ಹಬ್ಬದಲ್ಲಿ ಹುಳಿ ಬಂದ ಹಿಟ್ಟಿನ ಚೂರೂ ಮನೆಯಲ್ಲಿ ಇರಬಾರದು. ನಮ್ಮ ಮಡಿಯ ಅಜ್ಜಿಯರು ನೋಡಿದ್ದರೆ ಮೆಚ್ಚುತ್ತಿದ್ದರು.

ನನಗೆ ತುಂಬ ಇಷ್ಟವಾದದ್ದು ಹೆಂಗಸರ ಹಾಡುಗಳು. ಮದುವೆ, ಹಬ್ಬಗಳಲ್ಲಿ ಮಲಯಾಳಂನಲ್ಲಿ ಹಾಡುತ್ತಿದ್ದರು. ಬೈಬಲ್ಲಿನ ಕಥೆ, ಮದುಮಕ್ಕಳಿಗೆ ಹರಸುವ ಮಾತು, ಸಿನಗಾಗ್ ಕಟ್ಟಿದ ಸುದ್ದಿ ಎಲ್ಲವೂ ಅದರಲ್ಲಿ ಬರುತ್ತವೆ. ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ತಾಯಿಯಿಂದ ಮಗಳಿಗೆ ದಾಟಿಸುತ್ತಿದ್ದರು. ಬೇರೆ ದೇಶಗಳ ಸಂಪ್ರದಾಯಸ್ಥ ಯಹೂದಿಗಳಲ್ಲಿ ಹೆಂಗಸರ ಹಾಡನ್ನು ಗಂಡಸರು ಕೇಳಬಾರದು ಎಂಬ ಕಟ್ಟುಪಾಡಿದೆ. ಇಲ್ಲಿ ಗಂಡಸರು ಕೂತು ಕೇಳುತ್ತಿದ್ದರು.

ಕಟ್ಟಡದಲ್ಲೂ ಹೆಂಗಸರಿಗೆ ಸಂಬಂಧಪಟ್ಟ ಒಂದು ವಿಶೇಷ ಇದೆ. ತೋರಾ ಓದುವ ಕಟ್ಟೆ ಸಾಮಾನ್ಯವಾಗಿ ನಡುಮನೆಯಲ್ಲಿ ಒಂದೇ ಇರುತ್ತದೆ. ಕೇರಳದಲ್ಲಿ ಉಪ್ಪರಿಗೆಯಲ್ಲಿ ಇನ್ನೊಂದು ಇದೆ, ಹೆಂಗಸರು ಕೂರುವ ಜಾಲರಿಯ ಮುಂದೆಯೇ. ವಿಶೇಷ ದಿನಗಳಲ್ಲಿ ಅಲ್ಲಿಂದ ಓದುತ್ತಿದ್ದರು. ಅವರನ್ನು ಸಮವಾಗಿ ನೋಡುತ್ತಿದ್ದರು ಎಂದು ನಾನು ಹೇಳುತ್ತಿಲ್ಲ, ಜಾಲರಿ ಜಾಲರಿಯೇ. ಆದರೆ ಓದುವುದು ಅವರ ಕಿವಿಗೆ ಹತ್ತಿರದಲ್ಲೇ ಬೀಳುತ್ತಿತ್ತು.

ಪ್ರಶ್ನೆ: ಯಹೂದಿಗಳಲ್ಲೂ ಬಿಳಿಯರು, ಕರಿಯರು ಎಂದು ಭೇದ ಇತ್ತಂತೆ. ನಿಜವೇ?
– ಓದುಗರು, ದಾವಣಗೆರೆ

ಉತ್ತರ: ನಿಜ. ಮಟ್ಟಂಚೇರಿಯ ಪರದೇಶಿ ಸಿನಗಾಗ್ 1568ರದು. ಹೊರದೇಶದಿಂದ ತಡವಾಗಿ ಬಂದವರು, ಅಂದರೆ ಬಿಳಿಯರು ಎನಿಸಿಕೊಂಡವರು, ಅದನ್ನು ಕಟ್ಟಿಕೊಂಡರು. ಮೊದಲಿನಿಂದ ಇದ್ದ ಮಲಬಾರಿ ಯಹೂದಿಗಳ ಜೊತೆ ಅವರು ಮದುವೆ ಸಂಬಂಧ ಬೆಳೆಸುತ್ತಿರಲಿಲ್ಲ. ತಮ್ಮಲ್ಲೇ ಗುಲಾಮಗಿರಿಯಿಂದ ಬಿಡುಗಡೆಯಾದವರ ವಂಶದವರನ್ನು ಒಳಗೆ ಸಮನಾಗಿ ಕೂರಲೂ ಬಿಡುತ್ತಿರಲಿಲ್ಲ. ಆ ಗುಂಪಿನಲ್ಲಿ ಹುಟ್ಟಿದ ವಕೀಲ ಎ.ಬಿ. ಸೇಲಂ ಸತ್ಯಾಗ್ರಹದ ದಾರಿ ಹಿಡಿದು ಹೋರಾಡಿದರು. ಜನ ಅವರನ್ನು ಯಹೂದಿ ಗಾಂಧಿ ಎಂದೇ ಕರೆದರು. ಈಗ ಅಲ್ಲಿನ ರಸ್ತೆಗೆ ಅವರದೇ ಹೆಸರು. ಜಾತಿಯ ಗಾಳಿ ಯಾರನ್ನೂ ಬಿಡಲಿಲ್ಲ ನೋಡಿ.

ಪ್ರಶ್ನೆ: ನಮ್ಮ ಕರ್ನಾಟಕದಲ್ಲಿ ಯಹೂದಿಗಳು ಇದ್ದರೇ?
– ಓದುಗರು, ತುಮಕೂರು

ಉತ್ತರ: ಇದ್ದರು. 12ನೇ ಶತಮಾನದಲ್ಲೇ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾದ ವ್ಯಾಪಾರಿ ಮಂಗಳೂರಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದ್ದ. ಕಂಚಿನ ಪಾತ್ರೆ ಮಾಡುವ ಕಾರ್ಖಾನೆ ಇಟ್ಟಿದ್ದ. ಅಶು ಎಂಬ ಇಲ್ಲಿನ ಹೆಣ್ಣಿಗೆ ದಾಸ್ಯದಿಂದ ಬಿಡುಗಡೆ ಕೊಟ್ಟ, ಅವಳ ಜೊತೆ ಸಂಸಾರ ಮಾಡಿದ. ಬೊಮ್ಮ ಎಂಬ ನಂಬಿಕೆಯ ಆಳನ್ನು ವ್ಯಾಪಾರಕ್ಕೆ ಏಡನ್ ತನಕ ಕಳಿಸುತ್ತಿದ್ದ. ಇದೆಲ್ಲ ಕೈರೋದ ಸಿನಗಾಗ್ ಒಂದರಲ್ಲಿ ಸಿಕ್ಕ ಹಳೆಯ ಪತ್ರಗಳಿಂದ ಗೊತ್ತಾಗಿದೆ. ಬೆಂಗಳೂರಿನಲ್ಲಿ ಸಿನಗಾಗ್ ಇಲ್ಲ, ಆದರೆ ಮೈಸೂರು ರಸ್ತೆಯಲ್ಲಿ ಯಹೂದಿಗಳ ಒಂದು ಸಣ್ಣ ಸ್ಮಶಾನ ಇದೆ.

ಪ್ರಶ್ನೆ: ಚೇಂದಮಂಗಲಕ್ಕೆ ಹೋಗುವುದು ಹೇಗೆ? ಒಂದೇ ದಿನದಲ್ಲಿ ಆಗುತ್ತದೆಯೇ?
– ಓದುಗರು, ಪುತ್ತೂರು

ಉತ್ತರ: ಧಾರಾಳವಾಗಿ ಆಗುತ್ತದೆ. ಎರ್ನಾಕುಲಂನಿಂದ ಬಸ್ಸಿನಲ್ಲಿ ಪರವೂರು. ಅಲ್ಲಿಂದ ಆಟೋ ಹಿಡಿದರೆ ಚೇಂದಮಂಗಲ ಹತ್ತಿರ. ಪರವೂರಿನ ಸಿನಗಾಗ್ ಕೂಡ ಮ್ಯೂಸಿಯಂ ಆಗಿದೆ, ಅದನ್ನೂ ನೋಡಿ. ಚೇಂದಮಂಗಲದಲ್ಲಿ ಪಾಲಿಯಂ ಅರಮನೆ ಇದೆ, ಕೊಚ್ಚಿ ರಾಜರ ಮಂತ್ರಿಗಳ ಮನೆತನ ಅದು. ಅಲ್ಲಿನ ಕೈಮಗ್ಗದ ಮುಂಡು ಹೆಸರುವಾಸಿ, ಮನೆಯವರಿಗೆ ಒಂದು ತನ್ನಿ. ಮಟ್ಟಂಚೇರಿಯನ್ನೂ ಸೇರಿಸಿಕೊಂಡರೆ ಶನಿವಾರ ಬೇಡ, ಅವತ್ತು ಸಬ್ಬತ್, ಯಹೂದಿಗಳ ವಾರದ ವಿಶ್ರಾಂತಿಯ ದಿನ, ಬಾಗಿಲು ಹಾಕಿರುತ್ತದೆ.