ಪ್ರಯಾಣದಲ್ಲೇ ಒಂದು ದಿನ ಹಾಳಾಯಿತು, ಬಾದಾಮಿಯ ಕಾಲ್ನಡಿಗೆಗೆ ಹೊರಡಬೇಕೇ?

ಪುಣೆಯಿಂದ ಬರುವಾಗ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತು, ವಿಜಯಪುರ ತಲುಪುವಷ್ಟರಲ್ಲಿ ಮೂರು ದಿನಗಳ ಪೈಕಿ ಒಂದು ದಿನ ಕೈತಪ್ಪಿಹೋಯಿತು. ಬೆನ್ನಿಗೆ ಚೀಲ ಹಾಕಿಕೊಂಡು ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಸುತ್ತುವ ಯೋಜನೆಯನ್ನು ಕೈಬಿಡಬೇಕೇ ಎಂದು ಕೇಳಿದ್ದೀರಿ. ಕೈಬಿಡಬೇಡಿ. ಆದರೆ ಮೂರು ದಿನದ ದಾರಿಯನ್ನು ಎರಡೇ ದಿನದಲ್ಲಿ ಮುಗಿಸುವ ಹಟಕ್ಕೂ ಬೀಳಬೇಡಿ. ಐಹೊಳೆಯನ್ನು ಈ ಸಲ ಬಿಟ್ಟುಬಿಡಿ.

ನಾನು ವಿಜಯಪುರದವನು. ಕೆಲವು ವರ್ಷಗಳ ಹಿಂದೆ, ಫೆಬ್ರುವರಿಯ ಕೊನೆಯಲ್ಲಿ, ಇದೇ ದಾರಿಗೆ ಹೊರಟಾಗ ನಮಗೂ ಹೀಗೆಯೇ ಆಗಿತ್ತು. ಬೆಳಿಗ್ಗೆ ಆರಕ್ಕೆ ಬರಬೇಕಿದ್ದ ಗೆಳೆಯರು ಮಧ್ಯಾಹ್ನ ಎರಡಕ್ಕೆ ಬಂದರು, ಅಷ್ಟರಲ್ಲಿ ನಮ್ಮ ರೈಲು ಹೋಗಿತ್ತು, ಮುಂದಿನ ಗಾಡಿ ಗಂಟೆಗಟ್ಟಲೆ ತಡ. ಬಾದಾಮಿ ನಿಲ್ದಾಣದಲ್ಲಿ ಇಳಿದಾಗ ಕತ್ತಲಾಗಿತ್ತು. ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ. ದೂರವಿರುವುದರಿಂದ ಆಟೊ ಹಿಡಿಯಬೇಕಾಯಿತು. ಇಷ್ಟಕ್ಕೇ ಯಾರಿಗೂ ಏನೂ ನಷ್ಟವಾಗಿರಲಿಲ್ಲ. ನಷ್ಟವಾದದ್ದು ಮರುದಿನ, ಹೋದ ಸಮಯವನ್ನು ಮರಳಿ ಗಳಿಸಲು ಹೊರಟಾಗ.

ಗುಹೆಗಳನ್ನು ಓಡೋಡಿ ನೋಡಿದೆವು. ಚಾಲುಕ್ಯ ದೊರೆ ಕೀರ್ತಿವರ್ಮನ ತಮ್ಮ ಮಂಗಳೇಶನ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಹತ್ತು ನಿಮಿಷವೂ ನಿಲ್ಲಲಿಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ. ಹನ್ನೊಂದಕ್ಕೆ ಗುಡ್ಡದ ಮೇಲಿನ ಹಳೆಯ ಕಾಲುದಾರಿ ಹಿಡಿದು ಮಹಾಕೂಟದ ಕಡೆ ನಡೆದೆವು. ದೂರ ಹೆಚ್ಚಿಲ್ಲ, ಆದರೆ ಅದು ಮರಳುಗಲ್ಲಿನ ಗುಡ್ಡ: ಇರುವುದು ಕುರುಚಲು ಗಿಡ, ನೆರಳು ಕಡಿಮೆ, ಮೇಲಿನ ಬಿಸಿಲಿಗಿಂತ ಕಾದ ಬಂಡೆಯಿಂದ ಏಳುವ ಝಳವೇ ಹೆಚ್ಚು. ತಲೆಗೊಂದು ಲೀಟರ್ ನೀರು ಅರ್ಧ ದಾರಿಗೇ ಮುಗಿಯಿತು. ಗೆಳೆಯನೊಬ್ಬ ತಲೆಸುತ್ತಿ ಬಂಡೆಯ ಮೇಲೆ ಕುಳಿತುಬಿಟ್ಟ. ಅವನ ತುಟಿ ಬಿಳಿಚಿ ಒಡೆದಿತ್ತು, ಮಾತು ತಡವರಿಸುತ್ತಿತ್ತು. ಅವನ ಚೀಲವನ್ನು ನಾವು ಹೊತ್ತು, ಕೈಹಿಡಿದು ಇಳಿಸಿ, ಮಹಾಕೂಟದ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂರಿಸಿ ತಲೆಗೆ ನೀರು ಹೊಯ್ದ ಮೇಲೆಯೇ ಅವನು ಚೇತರಿಸಿಕೊಂಡದ್ದು. ಆ ದಿನ ಮುಂದೆ ನಡೆಯಲಿಲ್ಲ.

ಆದ್ದರಿಂದ ನೀವು ಇಂದು ಎಷ್ಟೇ ತಡವಾದರೂ ಬಾದಾಮಿಗೆ ಹೋಗಿ ಮಲಗಿರಿ. ಸಂಜೆಯ ಬೆಳಕಿರುವಾಗಲೇ ತಲುಪಿದರೆ ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿಯವರೆಗೆ ನಡೆದು ಬನ್ನಿ, ದಿನವಿಡೀ ಕಾದ ಬೇಸರ ಅಲ್ಲಿಯೇ ಕಳೆಯುತ್ತದೆ. ಬೆಳಗಾದೊಡನೆ, ಊರಿನವರನ್ನು ದಾರಿ ಕೇಳಿಕೊಂಡು ಮೊದಲು ಮಹಾಕೂಟಕ್ಕೆ ನಡೆಯಿರಿ. ತಲೆಗೆ ಮೂರು ಲೀಟರ್ ನೀರಿರಲಿ. ಪುಷ್ಕರಣಿಯಲ್ಲಿ ಮಿಂದು, ನೀರಿನ ನಡುವಿನ ಪುಟ್ಟ ಮಂಟಪದಲ್ಲಿರುವ ಮುಖಗಳನ್ನು ಕೆತ್ತಿದ ಲಿಂಗವನ್ನು ನೋಡಿ, ಬಿಸಿಲಿಳಿಯುವವರೆಗೆ ಆಲದ ನೆರಳಲ್ಲಿ ಕೂರಿರಿ. (ಇಲ್ಲಿನ ಹೆಸರಾಂತ ಶಾಸನಸ್ತಂಭ ಈಗ ಇಲ್ಲಿಲ್ಲ, ನಮ್ಮೂರಿನ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ, ಇನ್ನೂ ವಿಜಯಪುರದಲ್ಲಿಯೇ ಬಸ್ಸಿಗೆ ಕಾಯುತ್ತಿದ್ದರೆ ಆ ಹೊತ್ತಿನಲ್ಲಿ ಅದನ್ನು ನೋಡಿಬಿಡಿ.) ಬಾದಾಮಿಗೆ ವಾಹನದಲ್ಲಿ ಮರಳಿ, ಗುಹೆಗಳನ್ನು ಸಾವಕಾಶವಾಗಿ ನೋಡಿರಿ. ಎರಡನೆಯ ದಿನ ಪಟ್ಟದಕಲ್ಲಿಗೆ ಬಸ್ಸಿನಲ್ಲಿಯೇ ಹೋಗಿ, 22 ಕಿ.ಮೀ. ಡಾಂಬರು ರಸ್ತೆಯನ್ನು ಹೊರೆ ಹೊತ್ತು ನಡೆಯುವುದರಲ್ಲಿ ಸುಖವಿಲ್ಲ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ಎಷ್ಟು ತಡವಾದರೂ ಕೆಡುವುದಿಲ್ಲ. ಗಂಟನ್ನು ಚೀಲದ ಹೊರಜೇಬಿನಲ್ಲಿ ಮಾತ್ರ ಇಡಬೇಡಿ, ಗುಹೆಯ ಮೆಟ್ಟಿಲುಗಳಲ್ಲಿ ಮಂಗಗಳು ಕಾದಿರುತ್ತವೆ. ಐಹೊಳೆಗೆ ಚಳಿಗಾಲದಲ್ಲಿ ಬನ್ನಿ. ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ 634ರ ಶಾಸನವಿರುವ ಮೇಗುತಿಯ ಗುಡಿಯನ್ನು ನೋಡಲಿಕ್ಕೇ ಅರ್ಧ ದಿನ ಬೇಕು.