ಗಾಡಿ ಮಾತು: ಬಾಗಿಲು ಒಂದು ಬಣ್ಣ, ಕಾರು ಇನ್ನೊಂದು ಬಣ್ಣ

ಪ್ರಶ್ನೆ: ನಮ್ಮದು 2004ರ ಮಾರುತಿ 800, ಸಿಲ್ವರ್ ಕಲರ್. ಅಪ್ಪ ತಗೊಂಡಿದ್ದು, ಮಾರೋ ಮನಸ್ಸಿಲ್ಲ. ರಿವರ್ಸ್ ತೆಗೆಯುವಾಗ ಕಂಪೌಂಡಿನ ಚಿರೇಕಲ್ಲಿಗೆ ಉಜ್ಜಿ ಎಡಗಡೆ ಹಿಂದಿನ ಬಾಗಿಲು ಒಳಗೆ ಹೋಯಿತು. ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದೆ. ಈಗ ಆ ಬಾಗಿಲು ಮಾತ್ರ ಬೇರೆಯೇ ಕಾಣುತ್ತದೆ. ಕಲರ್ ಕೋಡ್ ನೋಡಿಯೇ ಪೇಂಟ್ ತಂದಿದ್ದು ಅಂತಾರೆ. ಮೂರೇ ತಿಂಗಳಲ್ಲಿ ಬಾಗಿಲ ಕೆಳಗೆ ಗುಳ್ಳೆನೂ ಎದ್ದಿದೆ. ನಂಗೆ ಟೋಪಿ ಹಾಕಿದ್ರಾ?
(ಓದುಗರು, ಅಂಕೋಲಾ)

ಉತ್ತರ: ಬಣ್ಣದಲ್ಲಿ ಟೋಪಿ ಹಾಕಿಲ್ಲ ಮಾರಾಯ್ರೆ. ಗುಳ್ಳೆ ವಿಷಯ ಬೇರೆ, ಅದಕ್ಕೆ ಆಮೇಲೆ ಬರೋಣ.

ಕೋಡ್ ಹೇಳುವುದು ಕಾರು ಫ್ಯಾಕ್ಟರಿಯಿಂದ ಹೊರಗೆ ಬಂದ ದಿನದ ಬಣ್ಣ. ಆಮೇಲೆ ಇಷ್ಟು ವರ್ಷ ಅದು ಅಂಕೋಲಾದ ಬಿಸಿಲಲ್ಲಿ ನಿಂತಿದೆ ಅಲ್ವಾ? ಕೋಡ್ ಸರಿಯಾಗಿದ್ದಷ್ಟೂ ಹೊಸ ಬಾಗಿಲು ಎದ್ದು ಕಾಣುತ್ತದೆ. ಅದರಲ್ಲೂ ಸಿಲ್ವರ್ ಅಂದ್ರೆ ಪೇಂಟರ್‌ಗಳಿಗೇ ತಲೆನೋವು. ಅದರೊಳಗೆ ಸಣ್ಣ ಸಣ್ಣ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಸ್ಪ್ರೇ ಗನ್ ಹತ್ತಿರ ಹಿಡಿದು ಒದ್ದೆಯಾಗಿ ಹೊಡೆದರೆ ಚೂರು ಒಳಗೆ ಮುಳುಗಿ ಬಣ್ಣ ಕಪ್ಪಗಾಗುತ್ತದೆ, ದೂರದಿಂದ ಒಣಒಣಗಿ ಹೊಡೆದರೆ ಬೆಳ್ಳಗಾಗುತ್ತದೆ. ಡಬ್ಬ ಒಂದೇ, ಕೈ ಬೇರೆ, ಬಣ್ಣವೂ ಬೇರೆ.

ಈಗ ಏನು ಮಾಡಬೇಕು ಅಂದ್ರೆ, ಮೊದಲು ಹಳೇ ಪೇಂಟನ್ನು ಒಂದು ಕಡೆ ರಬ್ಬಿಂಗ್ ಕಾಂಪೌಂಡ್ (ಪೇಂಟ್ ಉಜ್ಜಿ ಹೊಳಪು ತರಿಸುವ ಪೇಸ್ಟ್) ಹಾಕಿ ತಿಕ್ಕಿ. ಮೇಲಿನ ಮಬ್ಬು ಹೋಗಿ ಕಾರಿನ ಈಗಿನ ನಿಜವಾದ ಬಣ್ಣ ಹೊರಗೆ ಬರುತ್ತದೆ. ಪೆಟ್ರೋಲ್ ಹಾಕುವ ಜಾಗದ ಮುಚ್ಚಳ ಬಿಚ್ಚಿಕೊಂಡು, ಅದನ್ನೂ ತಿಕ್ಕಿ, ಪೇಂಟ್ ಅಂಗಡಿಗೆ ಒಯ್ದರೆ ಕೋಡಿನ ಬಣ್ಣವನ್ನು ಅದಕ್ಕೆ ಹೊಂದುವ ಹಾಗೆ ತಿದ್ದಿ ಕೊಡುತ್ತಾರೆ. ಒಂದು ತಗಡಿನ ಚೂರಿಗೆ ಹೊಡೆಸಿ, ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಹೊಳಪಿನ ಮೇಲ್ಪದರ) ಹಾಕಿಸಿ, ಒಣಗಿದ ಮೇಲೆ ಹಗಲು ಬೆಳಕಲ್ಲಿ ಕಾರಿನ ಪಕ್ಕ ಹಿಡಿದು ನೋಡಿ. ಟ್ಯೂಬ್‌ಲೈಟ್ ಕೆಳಗೆ ಹೊಂದಿದ ಬಣ್ಣ ಬಿಸಿಲಿಗೆ ಬಂದ ಕೂಡಲೇ ಕೈ ಕೊಡುತ್ತದೆ.

ಇಷ್ಟೆಲ್ಲ ಮಾಡಿದರೂ ನೂರಕ್ಕೆ ನೂರು ಹೊಂದುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ಅದಕ್ಕೇ ಒಳ್ಳೆ ಪೇಂಟರ್ ಬಾಗಿಲ ಅಂಚಿಗೆ ಬಣ್ಣ ನಿಲ್ಲಿಸುವುದಿಲ್ಲ. ಮುಂದಿನ ಬಾಗಿಲಿಗೂ ಹಿಂದಿನ ಪ್ಯಾನೆಲ್‌ಗೂ ತೆಳ್ಳಗೆ ಎಳೆದು ಕರಗಿಸಿ, ಆಮೇಲೆ ಆ ಮೂರಕ್ಕೂ ಪೂರ್ತಿ ಕ್ಲಿಯರ್ ಹೊಡೆಯುತ್ತಾನೆ. ಎಲ್ಲಿ ಹೊಸದು ಮುಗಿದು ಹಳೇದು ಶುರುವಾಯ್ತು ಅಂತ ಕಣ್ಣಿಗೆ ಸಿಗಬಾರದು. ಖರ್ಚು ಜಾಸ್ತಿ, ಹೌದು. ಆದರೆ ಬರೀ ಬಾಗಿಲಿಗೆ ಎರಡನೇ ಸಲ ಹೊಡೆಸುವುದು ಸುಮ್ನೆ ದಂಡ.

ಇನ್ನು ಗುಳ್ಳೆ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಮೇಲೆ ಸರಿಸಿ ನೋಡಿ. ಅಂಟದೇ ಜಾರುವ ಕಡೆ ಪುಟ್ಟಿ, ಅಂದ್ರೆ ತಗ್ಗು ತುಂಬಿಸಲು ಮೆತ್ತುವ ಪೇಸ್ಟ್, ದಪ್ಪಗಿದೆ ಅಂತ ಅರ್ಥ. ತಗಡನ್ನು ಸುತ್ತಿಗೆ-ಡಾಲಿ (ತಗಡಿನ ಹಿಂದೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ಇಟ್ಟು ಮೊದಲಿನ ಮಟ್ಟಕ್ಕೆ ತಂದು, ಉಳಿದ ಎರಡು ಮೂರು ಮಿಲಿಮೀಟರ್ ತಗ್ಗಿಗೆ ಮಾತ್ರ ಪುಟ್ಟಿ ಹಾಕಬೇಕು. ಅದೂ ತುಕ್ಕನ್ನು ಪೂರ್ತಿ ಕೆರೆದು ಬೆಳ್ಳನೆ ಲೋಹ ಕಂಡ ಮೇಲೆ. ತುಕ್ಕಿನ ಮೇಲೇ ಮೆತ್ತಿದರೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ, ಪುಟ್ಟಿ ಬೇರೆ ನೀರು ಕುಡಿಯುತ್ತದೆ. ನಮ್ಮ ಕಡೆ ಉಪ್ಪು ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ, ಕೇಳಬೇಕಾ?

ಬಾಗಿಲ ಅಡಿ ಅಂಚಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ. ಬಗ್ಗಿ ನೋಡಿ. ಧೂಳು, ಎಲೆಪುಡಿ ಸೇರಿ ಗಟ್ಟಿಯಾಗಿ ಕೂತಿರುತ್ತದೆ, ಇಲ್ಲಾ ಹೊಸ ಪೇಂಟೇ ಮುಚ್ಚಿರುತ್ತದೆ. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಹೋಗಲು ದಾರಿ ಇಲ್ಲದೆ ಒಳಗೇ ನಿಂತು ತಗಡು ತಿನ್ನುತ್ತದೆ. ಒಂದು ಹೇರ್‌ಪಿನ್ ಸಾಕು ಬಿಡಿಸಲು. ಗುಳ್ಳೆ ಇರುವಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿದಾಗ ಒಳಗೆ ಇಳಿದರೆ ಪುಟ್ಟಿ ಮಾತೇ ಬೇಡ, ಆ ಭಾಗ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಬೇಕು.

ಮಳೆಗಾಲ ಮುಗಿಯುವ ತನಕ ಪೇಂಟ್ ಕೆಲಸಕ್ಕೆ ಕೈ ಹಾಕಬೇಡಿ. ನಾನು ಒಮ್ಮೆ ಜುಲೈಯಲ್ಲಿ ಹಳೇ ಚೇತಕ್ ಸ್ಕೂಟರಿಗೆ ಪೇಂಟ್ ಹೊಡೆಸಿ ಮಂಗ ಆಗಿದ್ದೆ. ಗಾಳಿಯ ತೇವ ಹಿಡಿದು, ಒಣಗುವಷ್ಟರಲ್ಲಿ ಮೇಲೆಲ್ಲ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು.

ಪ್ರಶ್ನೆ: ಓಮ್ನಿ ಮೇಲೆ ಹಲಸಿನಕಾಯಿ ಬಿದ್ದು ತಲೆ ಮೇಲೆ ತಗ್ಗಾಗಿದೆ. ಪೇಂಟ್ ಒಡೆದಿಲ್ಲ. ಬಿಸಿನೀರು ಸುರಿದರೆ ಮೇಲೆ ಬರುತ್ತಾ?
(ಓದುಗರು, ಶಿರಸಿ)

ಉತ್ತರ: ಬಿಸಿನೀರಿನ ಉಪಾಯ ಪ್ಲಾಸ್ಟಿಕ್ ಬಂಪರಿಗೆ, ತಗಡಿಗಲ್ಲ. ಒಳಗಿನ ಲೈನಿಂಗ್ ಇಳಿಸಿ, ತಗ್ಗಿನ ಅಂಚಿನಿಂದ ಶುರು ಮಾಡಿ ನಡುವಿನ ಕಡೆಗೆ ಅಂಗೈಯಲ್ಲಿ ನಿಧಾನ ಒತ್ತುತ್ತಾ ಬನ್ನಿ. ಸುತ್ತಿಗೆ ಮುಟ್ಟಬೇಡಿ. ಹೊಡೆದರೆ ತಗಡು ಹಿಗ್ಗಿ, ಆಮೇಲೆ ಕೈ ಇಟ್ಟಾಗೆಲ್ಲ ಡಬಕ್ ಡಬಕ್ ಅನ್ನುತ್ತದೆ. ಹಲಸಿನಕಾಯಿ ಏನಾಯ್ತು ಅಂತ ಬರೆದಿಲ್ಲ ನೀವು.

ಪ್ರಶ್ನೆ: ಬಣ್ಣ ಹೊಂದಿಸುವ ರಗಳೆಯೇ ಬೇಡ, ಬಿಳಿ ಕಾರನ್ನು ಪೂರ್ತಿ ಕೆಂಪು ಮಾಡಿಸಲಾ?
(ಓದುಗರು, ಹೊನ್ನಾವರ)

ಉತ್ತರ: ಮಾಡಿಸಬಹುದು, ಆದರೆ ಬಿಸಿಲಿಗೆ ಬೇಗ ಮಾಸುವುದು ಕೆಂಪೇ. ಮತ್ತೆ, ಆರ್‌ಸಿಯಲ್ಲಿ ಬಣ್ಣ ಬರೆದಿರುತ್ತದೆ, ಅದನ್ನೂ ಆರ್‌ಟಿಒದಲ್ಲಿ ತಿದ್ದಿಸಬೇಕು. ಇಲ್ಲದಿದ್ದರೆ 15 ವರ್ಷದ ರಿನ್ಯೂವಲ್‌ಗೆ ಗಾಡಿ ತೋರಿಸಲು ಹೋದಾಗ ಸಿಕ್ಕಿಬೀಳ್ತೀರಿ. ಕೆಎ 47 ಆಫೀಸು ನಿಮ್ಮೂರಲ್ಲೇ ಇದೆಯಲ್ಲ, ಪೇಂಟ್ ಹೊಡೆಸುವ ಮೊದಲೇ ಹೋಗಿ ಕೇಳಿ.