ತಂದೆಯ ಬಗ್ಗೆ ಮಗನಿಗೆ ಏನು ಬರೆದಿಡಲಿ?

ತಂದೆ ತೀರಿಕೊಂಡರು, ಸಣ್ಣ ಊರಿನ ಸಾಮಾನ್ಯ ಮನುಷ್ಯ, 'ತಾತ ಏನು ಮಾಡ್ತಿದ್ರು' ಅಂತ ನಾಳೆ ಮಗ ಕೇಳಿದರೆ ಹೇಳುವಂಥದ್ದೇನೂ ಇಲ್ಲ, ಏನು ಬರೆದಿಡಲಿ ಅಂತ ಕೇಳಿದ್ದೀರಿ. ನನ್ನ ಉತ್ತರ ಇಷ್ಟೇ: ಗುಣ ಬರೆಯಬೇಡಿ, ಕೆಲಸ ಬರೆಯಿರಿ. 'ಸರಳ ಜೀವಿ, ಸ್ನೇಹಜೀವಿ' ಅಂತ ನಮ್ಮೂರ ಸರ್ಕಲ್‌ನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸ್‌ಗಳಲ್ಲಿ ಎಲ್ಲರಿಗೂ ಬರೆದಿರುತ್ತಾರೆ. ಫೋಟೋ ಬದಲಾಯಿಸಿದರೆ ಸಾಕು, ಯಾರಿಗೆ ಬೇಕಾದರೂ ನಡೆಯುತ್ತದೆ.

ನಮ್ಮ ಅಜ್ಜ, ಅಂದರೆ ಅವ್ವನ ಅಪ್ಪ, ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಭತ್ತದ ಗಾಡಿ ಬಂದರೆ ಚೀಲದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜುತ್ತಿದ್ದರು. ಹೊಟ್ಟು ಊದಿ ಒಂದು ಕಾಳನ್ನು ಹಲ್ಲಿಗಿಟ್ಟು ಕಚ್ಚುತ್ತಿದ್ದರು. ಕಟ್ ಅಂದರೆ ಒಣಗಿದೆ. ಮೆತ್ತಗಿದ್ದರೆ ಹಸಿ, ಮಿಲ್ಲಿಗೆ ಹಾಕಿದರೆ ನುಚ್ಚೇ ಜಾಸ್ತಿ, ಗೋದಾಮಿನಲ್ಲಿಟ್ಟರೆ ಮುಗ್ಗುತ್ತದೆ. ಈಗ ಮೀಟರ್ ಇದೆ. ಸರ್ಕಾರದ ಖರೀದಿಗೆ ತೇವಾಂಶ 17 ಪರ್ಸೆಂಟ್ ದಾಟಬಾರದು ಅಂತ ನಿಯಮವೂ ಇದೆ. ಅಜ್ಜನ ಮೀಟರ್ ಬಾಯಲ್ಲೇ ಇತ್ತು. ವಯಸ್ಸಾಗಿ ಹಲ್ಲು ಹೋದ ಮೇಲೆ ಹುಡುಗರ ಕೈಲಿ ಕಚ್ಚಿಸಿ, ಸದ್ದು ಮಾತ್ರ ತಾನು ಕೇಳುತ್ತಿದ್ದರು!

ಅಷ್ಟೊಂದು ಭತ್ತವಾದರೂ ಮೊದಲಿಂದ ಇದ್ದದ್ದಲ್ಲ. 1953ರಲ್ಲಿ ತುಂಗಭದ್ರಾ ಡ್ಯಾಂ ನೀರು ಕಾಲುವೆಗೆ ಬಿಟ್ಟ ಮೇಲೆ ಎಷ್ಟೋ ಜೋಳದ ಹೊಲಗಳು ಗದ್ದೆಯಾದವು. ಆಂಧ್ರದ ಕಡೆಯಿಂದ ರೈತರು ಬಂದು ಕ್ಯಾಂಪ್ ಅನ್ನುವ ಹೊಸ ಊರುಗಳನ್ನು ಕಟ್ಟಿಕೊಂಡರು. ಅವರ ಜೊತೆ ಲೆಕ್ಕಕ್ಕೆ ಕೂರಬೇಕಲ್ಲ, ಅಜ್ಜ ತೆಲುಗು ಕಲಿತರು.

ಉರ್ದು ಮೊದಲೇ ಬರುತ್ತಿತ್ತು. ನಮ್ಮ ಭಾಗ ನಿಜಾಮನ ಕೈಯಲ್ಲಿದ್ದಾಗ ಅವರು ಓದಿದ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲೇ. ನಾಲ್ಕನೇ ಇಯತ್ತೆಗೆ ಬಿಟ್ಟರು, ಆದರೆ ಅಷ್ಟು ಓದಿದ್ದೇ ಕೊನೆವರೆಗೂ ಊರಿಗೆ ಉಪಯೋಗಕ್ಕೆ ಬಂತು. ಹಳೆಯ ಹೊಲದ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು ನೋಡಿ. ಭಾನುವಾರ ಯಾರಾದರೊಬ್ಬರು ಮಡಿಕೆ ಹರಿದ ಕಾಗದ ಹಿಡಿದು ಬರುತ್ತಿದ್ದರು. ಅಜ್ಜ ಅದನ್ನು ಕಟ್ಟೆ ಮೇಲೆ ಹರಡಿ, ಗಾಳಿಗೆ ಹಾರದಂತೆ ತಂಬಿಗೆ ಇಟ್ಟು, ಬಲದಿಂದ ಎಡಕ್ಕೆ ಬೆರಳು ಸರಿಸುತ್ತಾ ಓದುತ್ತಿದ್ದರು. ಇಸವಿ ಫಸಲಿಯಲ್ಲಿ, ಅಂದರೆ ಆಗಿನ ಕಂದಾಯದ ವರ್ಷದ ಲೆಕ್ಕದಲ್ಲಿ ಇರುತ್ತಿತ್ತು. ನಮ್ಮ ಇಸವಿ ಬೇಕಾದರೆ 590 ಕೂಡಿಸಬೇಕು, 1357 ಅಂತಿದ್ದರೆ 1947-48. ದುಡ್ಡು ಕೊಡಲು ಬಂದವರಿಗೆ ಬೈಗುಳ.

ಒಂದು ಸಲ ಅಣ್ಣತಮ್ಮ ಇಬ್ಬರು ದಾರಿಯುದ್ದಕ್ಕೂ ಜಗಳ ಮಾಡಿಕೊಂಡೇ ಬಂದರು. ಹೊಲ ತನ್ನದು, ತನ್ನದು ಅಂತ. ಅಜ್ಜ ಎರಡೆರಡು ಸಲ ಓದಿ, "ಇದು ನಿಂದೂ ಅಲ್ಲ, ಅವಂದೂ ಅಲ್ಲ. ನಿಮ್ಮ ಸೋದರತ್ತಿ ಹೆಸರಿಗೈತಿ" ಅಂದರು. ಮಾಡಿಟ್ಟ ಚಹಾ ಕುಡಿಯದೆ ಇಬ್ಬರೂ ಎದ್ದು ಹೋದರು. ಒಟ್ಟಿಗೇ ಹೋದರು ಅನ್ನೋದು ಅವ್ವ ಹೇಳುವ ಮಾತು.

ನಿಜಾಮನ ರಾಜ್ಯ 1948ಕ್ಕೆ ಮುಗಿಯಿತು. 1956ಕ್ಕೆ ಮೈಸೂರು ರಾಜ್ಯ, 1973ಕ್ಕೆ ಕರ್ನಾಟಕ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಅಜ್ಜ ಅದೇ ಮನೆಯಲ್ಲೇ ಇದ್ದರು, ಆಗಾಗ ವಿಳಾಸ ಮಾತ್ರ ಬದಲಾಗುತ್ತಿತ್ತು.

ಕೆಟ್ಟದ್ದನ್ನೂ ಬರೆಯಿರಿ. ನಮ್ಮ ಅಜ್ಜ ಮಹಾ ಸಿಟ್ಟಿನವರು, ಕೈ ಬಿಗಿ ಬೇರೆ. ಒಂದು ಸಿನಿಮಾಕ್ಕೂ ಕರೆದುಕೊಂಡು ಹೋಗಲಿಲ್ಲ ಅಂತ ಅಜ್ಜಿ ಕೊನೆವರೆಗೂ ಹೇಳುತ್ತಿದ್ದಳು. ಅದನ್ನು ಬಿಟ್ಟರೆ ನಿಮ್ಮ ಮಗನಿಗೆ ದೇವರ ಫೋಟೋ ಸಿಗುತ್ತದೆ, ತಾತ ಸಿಗುವುದಿಲ್ಲ.

ಇನ್ನೊಂದು. ಮನೆಯವರಿಗೆ ಗೊತ್ತಿರುವುದು ಕಡಿಮೆ. ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ ಒಬ್ಬರು ಹೇಳಿದ ಮೇಲೆಯೇ ನಮಗೆ ಗೊತ್ತಾಗಿದ್ದು: ಅಜ್ಜ 'ಲಾಭ, ಎರಡು, ಮೂರು' ಅಂತ (ಒಂದು ಅನ್ನುವ ಬದಲು ಲಾಭ ಅನ್ನುವುದು ರೂಢಿ) ಚೀಲ ಎಣಿಸುವಾಗ ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿಂದ ಎಣಿಸುತ್ತಿದ್ದರಂತೆ. 75 ಕೆಜಿ ಚೀಲ ಬೆನ್ನ ಮೇಲೆ ಹೊತ್ತು ನಿಂತವರು ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದರಂತೆ. ಹಾಗಾಗಿ ನಿಮ್ಮ ತಂದೆಯ ಜೊತೆ ಕೆಲಸ ಮಾಡಿದವರನ್ನು ಹುಡುಕಿ. ಎಷ್ಟು ಗಂಟೆಗೆ ಬರುತ್ತಿದ್ದರು, ಎಲ್ಲಿ ಕೂರುತ್ತಿದ್ದರು, ಯಾರ ಮೇಲೆ ರೇಗುತ್ತಿದ್ದರು ಅಂತ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರಿಗೂ ವಯಸ್ಸಾಗಿರುತ್ತದೆ ಅಲ್ವಾ, ಹಬ್ಬಕ್ಕೆ ಊರಿಗೆ ಹೋದಾಗ ನೋಡೋಣ ಅಂತ ಮುಂದೂಡಬೇಡಿ.